ಸಾಂಪ್ರದಾಯಿಕ ಬಿಲ್ಲಿನಿಂದ ಕಾಡು ಟರ್ಕಿ ಬೇಟೆ: ಒಬ್ಬ ಕರೆಯಬೇಕು, ಇನ್ನೊಬ್ಬ ಎಳೆಯಬೇಕು

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಕಾಡು ಟರ್ಕಿ ಕೋಳಿಯ ವಸಂತಕಾಲದ ಬೇಟೆ ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ಶುರುವಾಗಿ ಮೂರು ವಾರ ನಡೆಯುತ್ತದೆ. ಹೆಚ್ಚಿನವರು ಕೋವಿ ಹಿಡಿದು ಹೋಗುತ್ತಾರೆ. ಕೋವಿಯವನಿಗೆ ಹಕ್ಕಿ 40 ಗಜ ದೂರದಲ್ಲಿ ನಿಂತರೂ ಸಾಕು. ಎಳೆತ ಹಗುರ ಮಾಡುವ ರಾಟೆ, ಗುರಿ ಹಿಡಿಯಲು ನೆರವಾಗುವ ಕಡ್ಡಿ ಯಾವುದೂ ಇಲ್ಲದ ಸಾಂಪ್ರದಾಯಿಕ ಬಿಲ್ಲಿನವನಿಗೆ ಅದು 15 ಗಜದೊಳಗೆ ಬರಬೇಕು. ಅಷ್ಟು ಹತ್ತಿರ ಬಂದ ಟರ್ಕಿಯ ಕಣ್ಣು ತಪ್ಪಿಸಿ ಹೆದೆ ಎಳೆಯುವುದೇ ಈ ಬೇಟೆಯ ನಿಜವಾದ ಕಷ್ಟ. ಬಾಣ ಬಿಡುವುದು ಆಮೇಲಿನ ಮಾತು. ಆದ್ದರಿಂದಲೇ ಇದನ್ನು ಗೆಳೆಯರ ಜೊತೆ ಮಾಡಬೇಕು ಎನ್ನುತ್ತೇನೆ. ಹೇಂಟೆಯ ದನಿ ಅನುಕರಿಸಿ ಹುಂಜವನ್ನು ಕರೆಯುವವನು ಒಬ್ಬ, ಹೆದೆ ಎಳೆಯುವವನು ಇನ್ನೊಬ್ಬನಾದರೆ ಅರ್ಧ ಕಷ್ಟ ಕಳೆದಂತೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಇಲ್ಲಿ ಬರೆದಿರುವುದೆಲ್ಲ ಅಮೆರಿಕದಲ್ಲಿ ನೆಲೆಸಿ, ಅಲ್ಲಿಯ ಕಾನೂನಿನೊಳಗೆ ಕಾಡಿಗೆ ಹೋಗಬಯಸುವವರಿಗೆ.

ಮೊದಲು ಕಾಗದಪತ್ರ

ಟರ್ಕಿ ಬೇಟೆಗೆ ಪ್ರತ್ಯೇಕ ಪರವಾನಗಿ ಬೇಕು. 1967ರ ಜನವರಿ 1 ಅಥವಾ ಅನಂತರ ಹುಟ್ಟಿದವರು ಮಿಸೌರಿಯಲ್ಲಿ ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. ವಸಂತದಲ್ಲಿ ಹೊಡೆಯಬಹುದಾದದ್ದು ಹುಂಜವನ್ನು, ಇಲ್ಲವೇ ಎದೆಯಿಂದ ಇಳಿಬಿದ್ದ ಕಪ್ಪು ಗಡ್ಡ ಸ್ಪಷ್ಟವಾಗಿ ಕಾಣುವ ಹಕ್ಕಿಯನ್ನು ಮಾತ್ರ. ಕಾಳು ಚೆಲ್ಲಿ ಕರೆಯುವಂತಿಲ್ಲ. ಚೆಲ್ಲಿದ ಕಾಳನ್ನು ಪೂರ್ತಿ ತೆಗೆದರೂ ಆ ಜಾಗ 10 ದಿನ ನಿಷಿದ್ಧ. ಧ್ವನಿಮುದ್ರಿತ ಕೂಗನ್ನೂ ಬಳಸುವಂತಿಲ್ಲ. ಬರಿದೇ ಕರೆಯಲು ಬರುವ ಗೆಳೆಯನಿಗೂ ಪರವಾನಗಿ ಬೇಕೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ, ಆ ವರ್ಷದ ನಿಯಮ ಪುಸ್ತಿಕೆಯನ್ನು ಓದಿಯೇ ಹೊರಡಿ.

ಈ ನಿಯಮಗಳ ಬಗ್ಗೆ ಗೊಣಗುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಲಂಗುಲಗಾಮಿಲ್ಲದ ಬೇಟೆ ಮತ್ತು ಕಾಡು ಕಡಿತದಿಂದ ಈ ಹಕ್ಕಿ ಮಿಸೌರಿಯಲ್ಲಿ ಅಳಿವಿನ ಅಂಚಿಗೆ ಬಂದಿತ್ತು. 1954ರಿಂದ ಓಝಾರ್ಕ್ ಬೆಟ್ಟಸೀಮೆಯ ಪೆಕ್ ರ‍್ಯಾಂಚ್‌ನಲ್ಲಿ ಕಾಡು ಹಕ್ಕಿಗಳನ್ನೇ ಹಿಡಿದು ಬೇರೆ ಬೇರೆ ಕಡೆ ಬಿಟ್ಟರು. 1960ರಲ್ಲಿ ಬೇಟೆ ಮತ್ತೆ ತೆರೆಯಿತು. ಬಂದೂಕು, ಮದ್ದುಗುಂಡು, ಬಿಲ್ಲುಬಾಣಗಳ ಮೇಲೆ ವಿಧಿಸುವ ಒಕ್ಕೂಟ ತೆರಿಗೆಯ ಹಣ 1937ರ ಕಾಯ್ದೆಯಂತೆ ಇಂಥ ಕೆಲಸಕ್ಕೇ ಹೋಗುತ್ತದೆ. ಕಳೆದ ಎರಡು ದಶಕಗಳಲ್ಲಿ ಸಂಖ್ಯೆ ಮತ್ತೆ ಇಳಿದಿದೆ. ಹಾಗಾಗಿ ಮಿತಿ ಮೀರದಿರುವುದು ನಮ್ಮ ಹೊಣೆ.

ಬಿಲ್ಲು, ಬಾಣ

ಸಾಂಪ್ರದಾಯಿಕ ಎಂದರೆ ಉದ್ದಬಿಲ್ಲು ಅಥವಾ ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್. ಅಮೆರಿಕದ ಓಸೇಜ್ ಬುಡಕಟ್ಟಿನವರು ಅಮೂಲ್ಯವೆಂದು ಎಣಿಸುತ್ತಿದ್ದ ಹಳದಿ ತಿರುಳಿನ ಓಸೇಜ್ ಆರೆಂಜ್ ಮರದಿಂದ ಇಂದಿಗೂ ಒಳ್ಳೆಯ ಬಿಲ್ಲು ಮಾಡುತ್ತಾರೆ. ನೋಡಲು ಉದ್ದಬಿಲ್ಲೇ ಚೆಂದ, ಆದರೆ ಮರೆಗುಡಾರದೊಳಗೆ ಕುಳಿತು ಹೊಡೆಯುವವನಿಗೆ 60 ಇಂಚಿಗಿಂತ ಚಿಕ್ಕದಾದ ರಿಕರ್ವ್ ಅನುಕೂಲ. ಹೆದೆಯ ಎಳೆತ 40ರಿಂದ 50 ಪೌಂಡ್ ಇದ್ದರೆ ಧಾರಾಳ. ಶಕ್ತಿ ತೋರಿಸಲೆಂದು ಗಡಸು ಬಿಲ್ಲು ಹಿಡಿಯಬೇಡಿ. ಎಳೆದ ಹೆದೆಯನ್ನು ಅಲುಗದೆ ಕೆಲವು ಕ್ಷಣ ಹಿಡಿದಿರಲು ಬರಬೇಕು.

ಬಾಣದ ಕೋಲು ಸೀಡರ್ ಮರದ್ದಾಗಲಿ, ಕಾರ್ಬನ್ನಿನದಾಗಲಿ, ಮೊನೆ ಅಗಲವಾದ ಸ್ಥಿರ ಅಲಗಿನದಾಗಿರಲಿ. ಮುಂಗೈ ಕೂದಲು ಬೋಳಿಸುವಷ್ಟು ಹರಿತವಿಲ್ಲದ ಅಲಗನ್ನು ಬತ್ತಳಿಕೆಗೆ ಹಾಕಲೇಬಾರದು.

ಅಭ್ಯಾಸ: ಕುಳಿತೇ ಹೊಡೆಯಿರಿ

ಬಯಲಲ್ಲಿ ನಿಂತು ಹೊಡೆದ ಅಭ್ಯಾಸ ಇಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಬೇಟೆಯ ದಿನ ಕೂರುವ ಗಿಡ್ಡ ಸ್ಟೂಲಿನ ಮೇಲೆ, ಅದೇ ಅಂಗಿ ತೊಟ್ಟು, ಬಿಲ್ಲನ್ನು ಓರೆಯಾಗಿ ಹಿಡಿದು ಹೊಡೆಯಿರಿ. ಟರ್ಕಿ ದೊಡ್ಡ ಹಕ್ಕಿಯಂತೆ ಕಂಡರೂ ಬಾಣ ತಗಲಬೇಕಾದ ಜಾಗ ಒಂದು ಕಿತ್ತಳೆಹಣ್ಣಿಗಿಂತ ದೊಡ್ಡದಲ್ಲ, ಉಳಿದದ್ದೆಲ್ಲ ಗರಿ. ಪಕ್ಕಕ್ಕೆ ನಿಂತಿದ್ದರೆ ರೆಕ್ಕೆ ಮೈಗೆ ಸೇರುವ ಬುಡ, ಬೆನ್ನು ತಿರುಗಿಸಿದ್ದರೆ ಬೆನ್ನೆಲುಬಿನ ನೇರ, ಎದುರಿಗಿದ್ದರೆ ಗಡ್ಡದ ಬುಡಕ್ಕಿಂತ ತುಸು ಮೇಲೆ. ಟರ್ಕಿಯ ನಿಜಗಾತ್ರದ ಚಿತ್ರವನ್ನು ಗುರಿಯಾಗಿಟ್ಟುಕೊಂಡರೆ ಕಣ್ಣು ಪಳಗುತ್ತದೆ.

ದಿನದ ಮೊದಲ ಬಾಣವೇ ಲೆಕ್ಕ. ಮೈ ಬಿಸಿಯಾದ ಮೇಲೆ ಹೊಡೆದ ಇಪ್ಪತ್ತು ಬಾಣ ಚೆನ್ನಾಗಿ ಹೋದರೆ ಏನೂ ಗೊತ್ತಾಗುವುದಿಲ್ಲ. ಬೆಳಗಿನ ಮೊದಲ ಬಾಣ ಎಷ್ಟು ದೂರದವರೆಗೆ ತಪ್ಪದೆ ಆ ಪುಟ್ಟ ಜಾಗಕ್ಕೆ ನಾಟುತ್ತದೋ ಅದೇ ನಿಮ್ಮ ಗಡಿ. 12 ಗಜವಾದರೆ 12 ಗಜ. ಅದನ್ನು ಮನೆಯಲ್ಲೇ ತೀರ್ಮಾನಿಸಿ, ಜೊತೆಗಾರರಿಗೂ ಹೇಳಿಬಿಡಿ. ಕಾಡಿನಲ್ಲಿ ಆಸೆ ಲೆಕ್ಕ ತಪ್ಪಿಸುತ್ತದೆ.

ಹಿಂದಿನ ಸಂಜೆ

ಟರ್ಕಿ ರಾತ್ರಿ ಮರವೇರಿ ಮಲಗುತ್ತದೆ. ಮುಸ್ಸಂಜೆಯಲ್ಲಿ ಕಿವಿಗೊಟ್ಟು ನಿಂತರೆ ಭಾರದ ರೆಕ್ಕೆ ಬಡಿತ ಕೇಳಿಸುತ್ತದೆ. ಗೂಬೆಯ ಕೂಗನ್ನು ಅನುಕರಿಸಿದರೆ ಎಷ್ಟೋ ಸಲ ಹುಂಜ ಬೆಚ್ಚಿ ಮರುಗೂಗು ಹಾಕಿ ತನ್ನ ಮರವನ್ನು ತಾನೇ ತೋರಿಸಿಕೊಡುತ್ತದೆ. ಮರದ ಬುಡಕ್ಕೆ ಹೋಗಬೇಡಿ. ಬೆಳಿಗ್ಗೆ ಅದು ಇಳಿದು ಮೇಯಲು ಹೋಗುವ ತೆರವಿನ ಅಂಚಿನಲ್ಲಿ ಮರೆಗುಡಾರ ಹೂಡಿ. ಗುಡಾರಕ್ಕೆ ಟರ್ಕಿ ಅಷ್ಟೇನೂ ಹೆದರುವುದಿಲ್ಲ, ಒಳಗಿನ ಚಲನೆಗೆ ಹೆದರುತ್ತದೆ. ಹಿಂಬದಿಯ ಕಿಂಡಿಗಳನ್ನೆಲ್ಲ ಮುಚ್ಚಿ, ಒಳಗೆ ಕಪ್ಪು ಬಟ್ಟೆ ತೊಡಿ. ಬಿಲ್ಲನ್ನು ಪೂರ್ತಿ ಎಳೆದು, ಮೇಲಿನ ತುದಿ ಚಾವಣಿಗೆ, ಕೆಳಗಿನ ತುದಿ ಸ್ಟೂಲಿಗೆ ತಾಗುವುದಿಲ್ಲವೆಂದು ಆಗಲೇ ನೋಡಿಕೊಳ್ಳಿ. ಕಿಂಡಿಯ ಬಲೆಯನ್ನು ಪೂರ್ತಿ ಸರಿಸಿಡಿ, ಗರಿ ಕಟ್ಟಿದ ಬಾಣ ಬಲೆ ಹಾಯ್ದರೆ ದಾರಿ ತಪ್ಪುತ್ತದೆ.

ಓಝಾರ್ಕ್ ಕಾಡಿನಲ್ಲಿ ಆ ಹೊತ್ತಿಗೆ ಉಣ್ಣೆಗಳ ಕಾಟ ಜೋರು. ಲೋನ್ ಸ್ಟಾರ್ ಎಂಬ ಉಣ್ಣೆ ಕಚ್ಚಿದರೆ ಕೆಲವರಿಗೆ ಕುರಿ, ದನ, ಹಂದಿಯ ಮಾಂಸವೇ ಒಗ್ಗದಂತಾಗುತ್ತದೆ. ಬಟ್ಟೆಗೆ ಮೊದಲೇ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿಕೊಳ್ಳಿ.

ಬೆಳಗಿನ ಹೊತ್ತು

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಬೇಟೆಗೆ ಅನುಮತಿ. ಕತ್ತಲಿರುವಾಗಲೇ ಎಲ್ಲರೂ ತಮ್ಮ ಜಾಗದಲ್ಲಿ ಕುಳಿತಿರಬೇಕು. ಗುಡಾರದ ಮುಂದೆ 5ರಿಂದ 8 ಗಜದೊಳಗೆ ಎರಡು ಗೊಂಬೆಗಳು: ಒಂದು ಹೇಂಟೆ, ಒಂದು ಎಳೆಯ ಹುಂಜ. ಎಳೆಯ ಹುಂಜದ ಮುಖ ನಿಮ್ಮ ಕಡೆಗಿರಲಿ. ಬಲಿತ ಹುಂಜ ಎದುರಾಳಿಯ ಮುಖಕ್ಕೆ ಮುಖ ಕೊಟ್ಟು ನಿಲ್ಲಲು ಸುತ್ತಿ ಬರುತ್ತದೆ, ಆಗ ಅದರ ಬೆನ್ನು ನಿಮಗೆ ಸಿಗುತ್ತದೆ.

ಕರೆಯುವವನು ಬಿಲ್ಲುಗಾರನಿಗಿಂತ 15–20 ಗಜ ಹಿಂದೆ, ತನ್ನ ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನೊರಗಿಸಿ ಕೂರಲಿ. ದನಿ ಹಿಂದಿನಿಂದ ಬರುವುದರಿಂದ ಹುಂಜ ಅದನ್ನು ಹುಡುಕುತ್ತಾ ಬಿಲ್ಲಿನ ಮುಂದೆ ಹಾಯುತ್ತದೆ. ಸ್ಲೇಟಿನ ಮೇಲೆ ಕಡ್ಡಿ ಉಜ್ಜಿದರೂ ಆಯಿತು, ಮರದ ಪೆಟ್ಟಿಗೆಯ ಅಂಚಿಗೆ ಮುಚ್ಚಳ ತೀಡಿದರೂ ಆಯಿತು, ಹೇಂಟೆಯ ಮೆಲುದನಿ ಹೊರಡಬೇಕು. ಪ್ರಕೃತಿಯ ಕ್ರಮದಲ್ಲಿ ಕೂಗುವುದು ಹುಂಜ, ನಡೆದು ಹೋಗುವುದು ಹೇಂಟೆ. ನಾವು ಹುಂಜವನ್ನು ಅದಕ್ಕೆ ತದ್ವಿರುದ್ಧವಾಗಿ ನಡೆಸಲು ಹೊರಟಿದ್ದೇವೆ. ಆದ್ದರಿಂದ ಅದು ದೂರದಲ್ಲೇ ನಿಂತು ಗಂಟೆಗಟ್ಟಲೆ ಕೂಗಿದರೆ ಸೋತೆವೆಂದು ಎದ್ದುಬಿಡಬಾರದು. ಕಡಿಮೆ ಕರೆಯಿರಿ. ಉತ್ತರ ಬಂದ ಮೇಲೆ ಇನ್ನೂ ಕಡಿಮೆ.

ಹುಂಜದ ತಲೆ ಕೆಂಪು, ಬಿಳಿ, ನೀಲಿ ಬಣ್ಣದ್ದು. ಈ ಮೂರು ಬಣ್ಣದ ಕರವಸ್ತ್ರ, ಕಾಲುಚೀಲ ಕೂಡ ಯಾರ ಮೈಮೇಲೂ ಇರಬಾರದು, ಅಕ್ಕಪಕ್ಕ ಕೋವಿಯವರಿರುತ್ತಾರೆ. ಹುಂಜದ ಕೂಗು ಕೇಳಿದತ್ತ ಯಾರೂ ನುಸುಳಿ ಹೋಗಕೂಡದು. ಅದು ಇನ್ನೊಬ್ಬ ಬೇಟೆಗಾರನ ಕರೆಯೂ ಆಗಿರಬಹುದು. ಅಪರಿಚಿತನೊಬ್ಬ ಹತ್ತಿರ ಬರುವುದು ಕಂಡರೆ ಕೈ ಬೀಸದೆ ಗಟ್ಟಿಯಾಗಿ ಮಾತಾಡಿ.

ಎಳೆಯುವ ಕ್ಷಣ

ಕೊನೆಕೊನೆಗೆ ಹುಂಜ ಕೂಗು ನಿಲ್ಲಿಸುತ್ತದೆ. ಆಗ ಬರುವುದು ಕಿವಿಗಿಂತ ಎದೆಗೇ ಹೆಚ್ಚು ತಾಕುವ ಗುಮ್ಮೆನ್ನುವ ತಗ್ಗುದನಿ. ಮೈಗರಿ ನಿಮಿರಿಸಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಉಜ್ಜುತ್ತಾ, ಬಾಲವನ್ನು ಅರ್ಧವೃತ್ತವಾಗಿ ಬಿಚ್ಚಿ ಅದು ಗೊಂಬೆಯತ್ತ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತದೆ. ಅದರ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಕತ್ತು ತುಸು ಹೊರಳಿಸಿದರೆ ಸುತ್ತಲೂ ಕಾಣುತ್ತದೆ. ಹೆದೆ ಎಳೆಯಲು ಇರುವುದು ಒಂದೇ ಸಂದರ್ಭ: ಅದು ಬೆನ್ನು ತಿರುಗಿಸಿ, ಬಿಚ್ಚಿದ ಬಾಲವೇ ತಲೆಗೆ ಅಡ್ಡ ಬಂದಾಗ. ಅಲ್ಲಿಯವರೆಗೆ ಉಸಿರಾಡುತ್ತಾ ಕುಳಿತಿರಿ. ಬಾಲ ಅಡ್ಡ ಬಂದೊಡನೆ ಗಡಿಬಿಡಿಯಿಲ್ಲದೆ ಒಂದೇ ಎಳೆತಕ್ಕೆ ಕೆನ್ನೆಯವರೆಗೆ ತನ್ನಿ. ನೋಟ ಇಡೀ ಹಕ್ಕಿಯ ಮೇಲಿರದೆ ಒಂದು ಗರಿಯ ಮೇಲಿರಲಿ. ನಿಮಿರಿದ ಗರಿಯ ಗಾತ್ರ ಕಣ್ಣಿಗೆ ಮೋಸ ಮಾಡುತ್ತದೆ. ಮೈ ಎಲ್ಲಿದೆಯೆಂದು ಖಚಿತವಾಗದಿದ್ದರೆ ಹೆದೆಯನ್ನು ಮೆಲ್ಲಗೆ ಇಳಿಸಿಬಿಡಿ. ಗಡಿಯಾಚೆ ನಿಂತಿದ್ದರೂ ಅಷ್ಟೇ. ಬಿಡದ ಬಾಣಕ್ಕಾಗಿ ಗೆಳೆಯರು ಯಾರೂ ಛೇಡಿಸಕೂಡದು ಎಂಬುದು ಗುಂಪಿನ ಮೊದಲ ಕಟ್ಟಳೆಯಾಗಿರಲಿ.

ಬಾಣ ತಗಲಿದ ಹಕ್ಕಿ ಓಡಬಹುದು, ಹಾರಲೂಬಹುದು. ರಕ್ತವನ್ನು ಗರಿಯೇ ಹೀರಿಕೊಳ್ಳುವುದರಿಂದ ನೆಲದಲ್ಲಿ ಜಾಡು ಸಿಗುವುದು ಅಪರೂಪ. ಇಲ್ಲಿಯೂ ಹಿಂದೆ ಕುಳಿತ ಗೆಳೆಯನ ಕಣ್ಣು ಬೇಕು: ಯಾವ ಮರದ ಪಕ್ಕ ಮರೆಯಾಯಿತು ಎಂದು ಅವನು ಗುರುತಿಟ್ಟುಕೊಳ್ಳಲಿ. ಕಣ್ಮರೆಯಾಗಿದ್ದರೆ ಅರ್ಧ ಗಂಟೆ ಸುಮ್ಮನೆ ಕುಳಿತು, ಆಮೇಲೆ ಎಲ್ಲರೂ ಸೇರಿ ಪೊದೆಪೊದೆಯನ್ನೂ ತಡಕಿ ನೋಡಿ. ಸಿಗುವವರೆಗೂ ಇನ್ನೊಬ್ಬನ ಸರದಿ ಬರುವುದಿಲ್ಲ.

ಸಿಕ್ಕ ಮೇಲೆ

ಪರವಾನಗಿಯ ಚೀಟಿಯನ್ನು ಅಲ್ಲೇ ಗುರುತು ಮಾಡಿ. ಅದೇ ರಾತ್ರಿ 10 ಗಂಟೆಯೊಳಗೆ ಮೊಬೈಲ್‌ನಲ್ಲಿ ರಾಜ್ಯದ ಸಂರಕ್ಷಣಾ ಇಲಾಖೆಗೆ ವರದಿ ಸಲ್ಲಿಸಬೇಕು. ಹಕ್ಕಿಯನ್ನು ಕಾರಿಗೆ ಒಯ್ಯುವಾಗ, ಕೋವಿಯವರು ಜೀವಂತ ಟರ್ಕಿಯೆಂದು ತಪ್ಪು ತಿಳಿಯದಂತೆ, ಕಿತ್ತಳೆ ಬಣ್ಣದ ಚೀಲದಲ್ಲಿಡಿ. ಬೇಗ ಕರುಳು ತೆಗೆದು ತಂಪು ಮಾಡಿ. ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ, ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕೂಡಲೇ ಒಲೆಯಿಂದ ಇಳಿಸಿ, ಇಲ್ಲವಾದರೆ ನಾರಾಗುತ್ತದೆ. ಕಾಲಿನ ತುಂಡುಗಳನ್ನು ಎಸೆಯುವವರಿದ್ದಾರೆ, ಅದು ಸರಿಯಲ್ಲ. ಸಣ್ಣ ಉರಿಯಲ್ಲಿ ಮೂರು ನಾಲ್ಕು ಗಂಟೆ ಬೇಯಿಸಿ ಸ್ನಾಯುತಂತು ತೆಗೆದರೆ ಖಾರದ ಸಾರಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ರೆಕ್ಕೆಗಳನ್ನು ಬಿಸಾಡಬೇಡಿ. ಸಾಂಪ್ರದಾಯಿಕ ಬಾಣಕ್ಕೆ ಕಟ್ಟುವುದು ಟರ್ಕಿಯ ರೆಕ್ಕೆಗರಿಯನ್ನೇ. ಎಡರೆಕ್ಕೆಯ ಗರಿ ಒಂದು ಕಡೆಗೆ, ಬಲರೆಕ್ಕೆಯದು ಇನ್ನೊಂದು ಕಡೆಗೆ ಬಾಗಿರುತ್ತದೆ. ಒಂದು ಬಾಣದ ಮೂರೂ ಗರಿಗಳು ಒಂದೇ ರೆಕ್ಕೆಯವಾಗಿರಬೇಕು, ಬೆರಸಿದರೆ ಬಾಣ ಸರಿಯಾಗಿ ತಿರುಗುವುದಿಲ್ಲ. ಎಡದ್ದನ್ನು ಒಂದು ಲಕೋಟೆ, ಬಲದ್ದನ್ನು ಇನ್ನೊಂದು ಲಕೋಟೆಗೆ ಹಾಕಿ ಆವತ್ತೇ ಹೆಸರು ಬರೆದಿಡಿ.