ಭೂಮಿಯ ಉಬ್ಬು ಕಕ್ಷೆಯನ್ನು ಎಷ್ಟು ತಿರುಗಿಸುತ್ತದೆ: ಕೈಲೆಕ್ಕದ ಕ್ರಮ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಬೆಂಗಳೂರಿನ ಆಕಾಶದಲ್ಲಿ ಕೆಲವು ದಿನ ಸಂಜೆ ಕಂಡು, ಆಮೇಲೆ ಮರೆಯಾಗಿ, ಮುಂದೆ ನಸುಕಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ದೊಡ್ಡ ಕಾರಣ ಭೂಮಿ ಪೂರ್ಣಗೋಳವಲ್ಲದಿರುವುದು. ಸಮಭಾಜಕದಲ್ಲಿ ಅದರ ತ್ರಿಜ್ಯ 6378 ಕಿ.ಮೀ., ಧ್ರುವದಲ್ಲಿ 6357 ಕಿ.ಮೀ. ಈ ಉಬ್ಬು ಉಪಗ್ರಹವನ್ನು ಸಮಭಾಜಕದ ಕಡೆಗೆ ಎಳೆಯುತ್ತದೆ. ಆದರೆ ಕಕ್ಷೆಯ ತಲವು (ಕಕ್ಷೆ ಇರುವ ಸಮತಲ) ಅತ್ತ ಮಲಗಿಬಿಡದೆ, ಓರೆಯಾಗಿ ಸುತ್ತುವ ಬುಗುರಿಯ ಅಕ್ಷದಂತೆ ನಿಧಾನವಾಗಿ ತಿರುಗುತ್ತದೆ. ಕಕ್ಷೆಯ ಸರಾಸರಿ ಗಾತ್ರವಾಗಲಿ ಓರೆಯಾಗಲಿ (ಸಮಭಾಜಕದೊಂದಿಗೆ ಆ ತಲ ಮಾಡುವ ಕೋನ) ಇದರಿಂದ ಬದಲಾಗುತ್ತಾ ಹೋಗುವುದಿಲ್ಲ.

ವೃತ್ತಾಕಾರದ ಕಕ್ಷೆಯಾದರೆ ಲೆಕ್ಕ ಸುಲಭ. ಎತ್ತರಕ್ಕೆ 6378 ಕೂಡಿಸಿ; ಭೂಮಿಯ ಸರಾಸರಿ ತ್ರಿಜ್ಯವಾದ 6371 ಇಲ್ಲಿ ಸಲ್ಲದು. ಬಂದ ಮೊತ್ತದಿಂದ 6378ನ್ನು ಭಾಗಿಸಿ, ಭಾಗಲಬ್ಧವನ್ನು 3.5ರ ಘಾತಕ್ಕೇರಿಸಿ, ಭೂಮಿಯ ಉಬ್ಬಿಗೆ ಸಲ್ಲುವ ಸ್ಥಿರಾಂಕವಾದ 9.96ರಿಂದಲೂ ಓರೆಕೋನದ ಕೊಸೈನ್‌ನಿಂದಲೂ ಗುಣಿಸಿದರೆ ದಿನಕ್ಕೆ ತಲ ಎಷ್ಟು ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತದೆಂದು ಸಿಗುತ್ತದೆ; ಉತ್ತರ ಋಣವಾಗಿದ್ದರೆ ಸರಿಯುವುದು ಪೂರ್ವಕ್ಕೆ.

ನಿಲ್ದಾಣದ ಎತ್ತರ 420 ಕಿ.ಮೀ., ಓರೆ 51.6 ಡಿಗ್ರಿ ಎಂದಿಟ್ಟುಕೊಂಡರೆ ಉತ್ತರ ಸುಮಾರು 4.95 ಡಿಗ್ರಿ. ಅದೇ ಹೊತ್ತಿಗೆ ಸೂರ್ಯನು ನಕ್ಷತ್ರಗಳ ನಡುವೆ ದಿನಕ್ಕೆ 0.9856 ಡಿಗ್ರಿ ಪೂರ್ವಕ್ಕೆ ಸರಿಯುವುದರಿಂದ ಸೂರ್ಯನಿಗೂ ಕಕ್ಷಾತಲಕ್ಕೂ ನಡುವಿನ ಕೋನ ದಿನಕ್ಕೆ ಸುಮಾರು 6 ಡಿಗ್ರಿ ಬದಲಾಗುತ್ತದೆ, ಅಂದರೆ ಕಕ್ಷಾತಲ ನಮ್ಮ ತಲೆಯ ಮೇಲೆ ಬರುವ ವೇಳೆ ದಿನಕ್ಕೆ ಸುಮಾರು 24 ನಿಮಿಷ ಮುಂಚಿತವಾಗುತ್ತಾ, ಸುಮಾರು 60 ದಿನಗಳಲ್ಲಿ ಒಂದು ಸುತ್ತು ಮುಗಿಯುತ್ತದೆ.

ಲೆಕ್ಕವನ್ನು ತಿರುಗಿಸಿ ಹಾಕುವುದು ನನ್ನ ಮಟ್ಟಿಗೆ ಇನ್ನೂ ಸ್ವಾರಸ್ಯಕರ. ಬೆಂಗಳೂರಿನಲ್ಲಿ ರೂಪುಗೊಂಡು 1988ರ ಮಾರ್ಚ್ 17ರಂದು ಉಡಾವಣೆಯಾದ ಐಆರ್‌ಎಸ್-1ಎ ಎಂಬ ದೂರಸಂವೇದಿ ಉಪಗ್ರಹವು ಪ್ರತಿ ಊರನ್ನೂ ಹೆಚ್ಚುಕಡಿಮೆ ಒಂದೇ ಸ್ಥಳೀಯ ಸೌರವೇಳೆಯಲ್ಲಿ ನೋಡಬೇಕಿತ್ತು. ಅದಕ್ಕಾಗಿ ಅದರ ಕಕ್ಷಾತಲ ಸೂರ್ಯನ ವೇಗದಲ್ಲೇ ಪೂರ್ವಕ್ಕೆ ಸರಿಯಬೇಕು. 904 ಕಿ.ಮೀ. ಎತ್ತರಕ್ಕೆ ಕೊಸೈನ್ ಬಿಟ್ಟು ಗುಣಿಸಿದರೆ 6.26 ಬರುತ್ತದೆ. 0.9856ನ್ನು ಅದರಿಂದ ಭಾಗಿಸಿ, ಋಣಚಿಹ್ನೆ ಕೊಟ್ಟು, ಆ ಕೊಸೈನ್ ಉಳ್ಳ ಕೋನ ಹುಡುಕಿದರೆ ಸುಮಾರು 99 ಡಿಗ್ರಿ ದೊರೆಯುತ್ತದೆ. ಅದರ ನಿಜವಾದ ಓರೆಯೂ ಅಷ್ಟೇ. ಇಂಧನ ಸುಟ್ಟು ಮಾಡಬೇಕಾಗಿದ್ದ ಕೆಲಸವನ್ನು ಉಬ್ಬು ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ದೀರ್ಘವೃತ್ತದ ಕಕ್ಷೆಯಲ್ಲಿ ಉತ್ಕೇಂದ್ರತೆಯ (ಕಕ್ಷೆ ಎಷ್ಟು ಉದ್ದುದ್ದವೆಂಬ ಅಳತೆ) ವರ್ಗವನ್ನು 1ರಿಂದ ಕಳೆದು, ಉಳಿದದ್ದರ ವರ್ಗದಿಂದ ಉತ್ತರವನ್ನು ಭಾಗಿಸಬೇಕು. ಎತ್ತರಕ್ಕೆ 6378 ಕೂಡಿಸಿದ ಮೊತ್ತದ ಜಾಗದಲ್ಲಿ ದೀರ್ಘಾರ್ಧಾಕ್ಷ (ದೀರ್ಘವೃತ್ತದ ಉದ್ದದ ಅರ್ಧ) ಬರುತ್ತದೆ. ಅಲ್ಲಿ ಭೂಮಿಗೆ ಅತಿ ಸಮೀಪದ ಬಿಂದುವೂ ಜರುಗುತ್ತದೆ, ಓರೆ 63.4 ಅಥವಾ 116.6 ಡಿಗ್ರಿ ಇದ್ದಾಗ ಮಾತ್ರ ನಿಲ್ಲುತ್ತದೆ. ರಷ್ಯಾದ ಮೊಲ್ನಿಯಾ ಸಂಪರ್ಕ ಉಪಗ್ರಹಗಳು ಇವುಗಳಲ್ಲಿ ಮೊದಲನೆಯ ಕೋನವನ್ನು ಆರಿಸಿಕೊಂಡದ್ದು ಇದಕ್ಕಾಗಿಯೇ.

ಚಂದ್ರನ ಸುತ್ತಲಿನ ಕೆಳಕಕ್ಷೆಗೆ ಮಾತ್ರ ಈ ಕ್ರಮ ಸಾಲದು. ಅಲ್ಲಿ ನೆಲದಡಿಯ ದ್ರವ್ಯರಾಶಿಯ ಗಡ್ಡೆಗಳ ಪ್ರಭಾವವನ್ನೂ ಲೆಕ್ಕಕ್ಕೆ ತರಬೇಕಾಗುತ್ತದೆ.