ತೌಡಿನ ಜೊತೆ ಹೋಗುವುದು, ಗಂಜಿಯ ಜೊತೆ ಹೋಗುವುದು

ಅಕ್ಕಿಯಲ್ಲಿ ಕಬ್ಬಿಣಾಂಶ ಹುಡುಕಿದರೆ ಕೈಗೆ ಹತ್ತುವುದು ಬಲು ಕಡಿಮೆ. ಕ್ಯಾಲ್ಸಿಯಂ ಅಂತೂ ಕೇಳಲೇಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ ಸುಮಾರು 0.65 ಮಿಲಿಗ್ರಾಂ, ಕ್ಯಾಲ್ಸಿಯಂ 7.5 ಮಿಲಿಗ್ರಾಂ. ಅಷ್ಟೇ ತೂಕದ ರಾಗಿಯಲ್ಲಿ ಕ್ಯಾಲ್ಸಿಯಂ 364. ಎರಡು ಹೊತ್ತು ಅನ್ನ ಉಣ್ಣುವವರಿಗೆ ದಿನಕ್ಕೆ ಕಾಲು ಕಿಲೋ ಅಕ್ಕಿ ಬೇಕೆಂದು ಹಿಡಿದರೂ ಅದರಿಂದ ಬರುವ ಕಬ್ಬಿಣ ಒಂದೂವರೆ ಮಿಲಿಗ್ರಾಂ ಚಿಲ್ಲರೆ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29, ಗಂಡಸರಿಗೆ 19.

ಹಾಗೆಂದು ಅನ್ನ ಬರೀ ಹೊಟ್ಟೆ ತುಂಬಿಸುವ ವಸ್ತುವಲ್ಲ. ಅಕ್ಕಿಯಿಂದ ಕೇಳಿ ಪಡೆಯಬೇಕಾದದ್ದು ಮೆಗ್ನೀಸಿಯಂ, ಆಮೇಲೆ ಸತು. ಪಾಲಿಶ್ ಆಗದ ಅಕ್ಕಿಯಲ್ಲಿ 100 ಗ್ರಾಂಗೆ ಮೆಗ್ನೀಸಿಯಂ 94 ಮಿಲಿಗ್ರಾಂ ಹತ್ತಿರ ಇದೆ; ಗಿರಣಿಯಲ್ಲಿ ಚೆನ್ನಾಗಿ ಉಜ್ಜಿದ ಮೇಲೆ ಉಳಿಯುವುದು 19 ಮಾತ್ರ. ಕಾಲು ಕಿಲೋ ಲೆಕ್ಕಕ್ಕೆ ಇದು 235 ಮತ್ತು 48 ಆಗುತ್ತದೆ. ದಿನದ ಅಗತ್ಯ ಹೆಂಗಸರಿಗೆ 370, ಗಂಡಸರಿಗೆ 440 ಎಂದಮೇಲೆ ಈ ವ್ಯತ್ಯಾಸ ಸಣ್ಣದಲ್ಲ. ಸತುವಿನಲ್ಲಿ ನಷ್ಟ ಇಷ್ಟಿಲ್ಲ, ಸುಮಾರು 1.7 ಇದ್ದದ್ದು 1.2ಕ್ಕೆ ಇಳಿಯುತ್ತದೆ. ಖನಿಜದ ದೊಡ್ಡ ಪಾಲು ಕಾಳಿನ ಹೊರಪದರದಲ್ಲಿ, ಅಂದರೆ ತೌಡಿನಲ್ಲಿ ಇರುವುದೇ ಇದಕ್ಕೆ ಕಾರಣ. ಆ ತೌಡು ದನಕ್ಕೆ ಹೋಗುತ್ತದೆ, ಎಣ್ಣೆ ಗಾಣಕ್ಕೆ ಹೋಗುತ್ತದೆ.

ಆದ್ದರಿಂದ ಕೊಳ್ಳುವಾಗ ತಳಿಯ ಹೆಸರಿಗಿಂತ ಪಾಲಿಶ್ ಎಷ್ಟು ಆಗಿದೆ ಎಂಬುದನ್ನು ನೋಡಿ. ಕೆಂಪಕ್ಕಿ ತಳಿಯಾದ ರಾಜಮುಡಿ ಎಂದು ಚೀಟಿ ಅಂಟಿಸಿದ ಚೀಲದಲ್ಲೂ ಬೆಳ್ಳಗೆ ಉಜ್ಜಿದ ಅಕ್ಕಿ ಇರುತ್ತದೆ. ದುಡ್ಡು ಕೆಂಪಕ್ಕಿಗೆ ಕೊಟ್ಟು ಬಿಳಿ ಅಕ್ಕಿ ತಂದ ಹಾಗಾಗುತ್ತದೆ. ಹತ್ತು ಕಾಳು ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿಯಿರಿ. ಕೆಂಪು ಕಾಳಿನ ಮೈತುಂಬ ಇದ್ದರೆ ತೌಡು ಉಳಿದಿದೆ. ಉದ್ದಕ್ಕೆ ಗೆರೆಗೆರೆಯಾಗಿ ಮಾತ್ರ ಕಂಡರೆ ಅರ್ಧಕ್ಕರ್ಧ ಹೋಗಿದೆ. ಅಂಗಡಿಯವರು ‘ಸಿಂಗಲ್ ಪಾಲಿಶ್’ ಎನ್ನುವುದು ಸಾಮಾನ್ಯವಾಗಿ ಈ ಗೆರೆಯ ಅಕ್ಕಿಗೇ. ತಿನ್ನಲು ಅದೂ ಒಳ್ಳೆಯದೇ, ಆದರೆ ಬೆಲೆ ಅದಕ್ಕೆ ತಕ್ಕಂತೆ ಇರಲಿ. ಕೆಂಪಕ್ಕಿಯನ್ನು ನೆನೆಸಿದಾಗ ನೀರಿಗೆ ತುಸು ಬಣ್ಣ ಬಿಡುವುದು ಸಹಜ. ತೊಳೆದಷ್ಟೂ ಗಾಢವಾಗಿ ಬಣ್ಣ ಬಿಟ್ಟು ಕಾಳೇ ಬೆಳ್ಳಗಾದರೆ ಬಣ್ಣ ಹಚ್ಚಿದ್ದೆಂದು ತಿಳಿದು ವಾಪಸು ಕೊಡಿ.

ಪಾಲಿಶ್ ಆಗದ ಅಕ್ಕಿಯನ್ನು ವರ್ಷಕ್ಕಾಗುವಷ್ಟು ತಂದಿಡಬೇಡಿ. ತೌಡಿನ ಎಣ್ಣೆ ಕೆಟ್ಟು ಒಂದು ಬಗೆಯ ಕಮಟು ವಾಸನೆ ಬರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಒಂದೂವರೆ ತಿಂಗಳಿಗೆ ಆಗುವಷ್ಟು ಸಾಕು. ಕರಾವಳಿಯ ಕುಚ್ಚಲಕ್ಕಿಗೆ ಈ ತೊಂದರೆ ಕಡಿಮೆ, ಭತ್ತವನ್ನೇ ಬೇಯಿಸಿ ಒಣಗಿಸುವಾಗ ಎಣ್ಣೆ ಕೆಡಿಸುವ ಕಿಣ್ವ ಸತ್ತಿರುತ್ತದೆ. ಭತ್ತ ಬೇಯುವಾಗ ಬಿ ಜೀವಸತ್ವವೂ ಸ್ವಲ್ಪ ಖನಿಜವೂ ಹೊರಪದರದಿಂದ ಕಾಳಿನ ಒಳಕ್ಕೆ ಇಳಿಯುತ್ತವೆ, ಆಮೇಲೆ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ.

ತೌಡಿರುವ ಅಕ್ಕಿಗೆ ಒಂದು ದೋಷವೂ ಇದೆ. ಅದೇ ಪದರದಲ್ಲಿ ಫೈಟಿಕ್ ಆಮ್ಲ ಇರುತ್ತದೆ. ಅದು ಸತು, ಕಬ್ಬಿಣಗಳನ್ನು ಹಿಡಿದಿಟ್ಟುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಕೋಷ್ಟಕದಲ್ಲಿ ಕಂಡದ್ದೆಲ್ಲ ಮೈಗೆ ಹತ್ತುವುದಿಲ್ಲ ಎನ್ನುವುದು ಇದಕ್ಕೇ. ಬರೀ ಅರ್ಧ ಗಂಟೆ ನೆನೆಸಿದರೆ ಇದಕ್ಕೆ ಏನೂ ಆಗದು. ಮಾಡುವ ಕ್ರಮ ಹೀಗೆ: ಎರಡು ಲೋಟ ಅಕ್ಕಿಯನ್ನು ಒಮ್ಮೆ ತೊಳೆದು, ಬೆಚ್ಚಗಿನ ನಾಲ್ಕು ಲೋಟ ನೀರಿನಲ್ಲಿ ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಆ ನೀರಿನಲ್ಲಿ ಅರ್ಧ ಲೋಟವನ್ನು ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟು, ಮುಂದಿನ ಸಲ ನೆನೆಸುವಾಗ ಹೊಸ ನೀರಿಗೆ ಬೆರೆಸಿ. ಮೂರು ನಾಲ್ಕು ಸಲ ಹೀಗೆ ಮುಂದುವರಿಸಿದರೆ ನೀರು ನಸು ಹುಳಿಯಾಗುತ್ತದೆ, ಹೆಪ್ಪು ಹಾಕಿದ ಹಾಗೆ. ಆ ಹುಳಿಯಲ್ಲಿ ಫೈಟಿಕ್ ಆಮ್ಲ ಬೇಗ ಒಡೆಯುತ್ತದೆ. ನಸು ಹುಳಿ ವಾಸನೆ ಸರಿ. ಲೋಳೆಯಾದರೆ, ಕೊಳೆತ ವಾಸನೆ ಬಂದರೆ ಚೆಲ್ಲಿ ಹೊಸದಾಗಿ ಶುರುಮಾಡಿ. ನೆನೆಸಿದ ನೀರಿನಲ್ಲಿ ಒಂದಿಷ್ಟು ಮೆಗ್ನೀಸಿಯಂ, ಪೊಟ್ಯಾಸಿಯಂ ಹೋಗುವುದು ನಿಜ, ಅಷ್ಟು ನಷ್ಟ ಒಪ್ಪಿಕೊಳ್ಳಬಹುದು.

ಇಡ್ಲಿ, ದೋಸೆಯ ಹಿಟ್ಟು ಹುಳಿ ಬರುವಾಗಲೂ ಇದೇ ಕೆಲಸ ಆಗುತ್ತದೆ. ದೋಸೆಗೆ ಹಾಕುವ ಮೂರು ಲೋಟ ಅಕ್ಕಿಯಲ್ಲಿ ಒಂದು ಲೋಟ ಕೆಂಪಕ್ಕಿ ಇರಲಿ. ಅದನ್ನು ಬೇರೆಯಾಗಿ ಎಂಟು ಗಂಟೆ ನೆನೆಸಿ ನುಣ್ಣಗೆ ರುಬ್ಬಿ; ತರಿಯಾಗಿ ಉಳಿದರೆ ದೋಸೆ ಹಂಚಿಗೆ ಹಿಡಿಯುತ್ತದೆ.

ಅನ್ನ ಮಾಡುವಾಗ ನೆನೆದ ಒಂದು ಲೋಟ ತೌಡಿರುವ ಅಕ್ಕಿಗೆ ಎರಡೂಕಾಲು ಲೋಟ ನೀರು. ಕುಕ್ಕರಿನಲ್ಲಿ ಒಂದು ಸೀಟಿ ಬಂದ ಕೂಡಲೇ ಉರಿ ಸಣ್ಣ ಮಾಡಿ ಹದಿನೈದರಿಂದ ಹದಿನೆಂಟು ನಿಮಿಷ ಬಿಟ್ಟು, ಒತ್ತಡ ತಾನಾಗಿ ಇಳಿಯಲಿ. ಕುಚ್ಚಲಕ್ಕಿಗೆ ಮೂರು ಲೋಟ ನೀರು, ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ. ಹೊರಗೆ ಒಡೆದು ಒಳಗೆ ಗಟ್ಟಿ ಉಳಿದರೆ ನೆನೆದದ್ದು ಸಾಲದು, ಉರಿ ಜಾಸ್ತಿಯಾಗಿದೆ ಎಂದರ್ಥ. ಅರ್ಧ ಬಿಳಿ ಅಕ್ಕಿ, ಅರ್ಧ ಕೆಂಪಕ್ಕಿ ಸೇರಿಸಿ ಒಂದೇ ಪಾತ್ರೆಯಲ್ಲಿಟ್ಟರೆ ಒಂದು ಮುದ್ದೆಯಾಗುತ್ತದೆ, ಇನ್ನೊಂದು ಬೇಯುವುದಿಲ್ಲ. ಬೇರೆ ಬೇರೆ ಬೇಯಿಸಿ ಆಮೇಲೆ ಕಲಸಿ.

ಬಿಳಿ ಅಕ್ಕಿಯೇ ತಿನ್ನುವ ಮನೆಯಲ್ಲಿ ಕೈಲಾಗುವುದು ಇದ್ದದ್ದನ್ನು ಚೆಲ್ಲದಿರುವುದು. ಅಕ್ಕಚ್ಚು ತಿಳಿಯಾಗುವವರೆಗೆ ಐದಾರು ಸಲ ಉಜ್ಜಿ ತೊಳೆಯುವ ಅಗತ್ಯವಿಲ್ಲ, ಎರಡು ಸಲ ಸಾಕು. ಗಂಜಿ ಬಸಿಯುವವರು ಆ ತಿಳಿಯನ್ನು ಸಾರಿಗೆ ಸುರಿಯಿರಿ, ಇಲ್ಲವೇ ಉಪ್ಪು ಹಾಕಿ ಕುಡಿಯಿರಿ.

ತಂಗಳನ್ನದ ಬಗ್ಗೆ ವಾಟ್ಸಾಪಿನಲ್ಲಿ ಒಂದು ಲೆಕ್ಕ ಓಡಾಡುತ್ತದೆ: 3.4 ಮಿಲಿಗ್ರಾಂ ಇದ್ದ ಕಬ್ಬಿಣ ಹನ್ನೆರಡು ಗಂಟೆ ನೀರಿನಲ್ಲಿಟ್ಟರೆ 73.91 ಆಗುತ್ತದಂತೆ. ಕಬ್ಬಿಣ ಮೂಲಧಾತು. ನೀರಿನಲ್ಲಿಟ್ಟರೆ ಹುಟ್ಟುವುದಿಲ್ಲ, ಬೆಳೆಯುವುದಿಲ್ಲ. ಹುಳಿ ಬಂದಾಗ ಅನ್ನದಲ್ಲೇ ಇದ್ದದ್ದು ಮೈಗೆ ಹೆಚ್ಚು ಹತ್ತಬಹುದು, ಅಷ್ಟೇ. ಇಷ್ಟವಿದ್ದರೆ ಮಜ್ಜಿಗೆ, ಈರುಳ್ಳಿ ಜೊತೆ ತಿನ್ನಿ, ಆದರೆ ಅನ್ನ ಆರಿದ ತಕ್ಷಣ ಮುಳುಗುವಷ್ಟು ನೀರು ಹಾಕಿ, ಹನ್ನೆರಡು ಗಂಟೆ ದಾಟಿಸಬೇಡಿ. ಬೇಸಿಗೆಯಲ್ಲಿ ಅದಕ್ಕೂ ಮೊದಲೇ ಮುಗಿಸಿ. ಬೆಂದ ಅನ್ನವನ್ನು ಹಾಗೇ ಬಿಟ್ಟರೆ ವಾಂತಿ ಬರಿಸುವ ಸೂಕ್ಷ್ಮಜೀವಿ ಬೆಳೆಯುತ್ತದೆ, ಮತ್ತೆ ಬಿಸಿ ಮಾಡಿದರೂ ಅದು ಬಿಟ್ಟ ವಿಷ ಹೋಗುವುದಿಲ್ಲ.

ಅವಲಕ್ಕಿಯ ಕಥೆ ಬೇರೆ. ಅದರಲ್ಲಿ 100 ಗ್ರಾಂಗೆ ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ ಹತ್ತಿರ, ಮಂಡಕ್ಕಿಯಲ್ಲೂ ಹಾಗೇ. ಅಕ್ಕಿಯಲ್ಲಿಲ್ಲದ್ದು ಇಲ್ಲಿಗೆ ಬಂದದ್ದು ಹುರಿಯುವ ಬಾಣಲೆ, ಅದುಮುವ ಯಂತ್ರಗಳಿಂದ ಎಂದೇ ತಿಳಿಯಬೇಕು. ಒಗ್ಗರಣೆ ಅವಲಕ್ಕಿಯನ್ನು ಕೆಳಗಿಳಿಸಿದ ಮೇಲೆ ನಿಂಬೆರಸ ಹಿಂಡಿ. ಒಲೆಯ ಮೇಲಿರುವಾಗ ಹಿಂಡಿದರೆ ಸಿ ಜೀವಸತ್ವ ಒಂದಿಷ್ಟು ನಾಶವಾಗುತ್ತದೆ, ಕಬ್ಬಿಣ ಮೈಗೆ ಹೆಚ್ಚು ಹತ್ತಲು ಅದು ನೆರವಾಗುತ್ತದೆ. ಕಾಫಿ, ಟೀ ಒಂದು ಗಂಟೆ ಬಿಟ್ಟು. ಪುಳಿಯೋಗರೆ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಹುಣಸೆ ಹುಳಿಗೆ ಕಬ್ಬಿಣ ಬಿಡುತ್ತದೆ. ಮುಗಿದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ, ಇಲ್ಲದಿದ್ದರೆ ಕಪ್ಪಾಗಿ ಒಗರು ಬರುತ್ತದೆ.

ಪಡಿತರದಲ್ಲಿ ಬಂದ ಸಾರವರ್ಧಿತ ಅಕ್ಕಿಯನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆಯುವವರಿದ್ದಾರೆ. ಸುಮಾರು ನೂರು ಕಾಳಿಗೊಂದರಂತೆ ಸೇರಿರುವ ಆ ಕಾಳು ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಅಚ್ಚೊತ್ತಿದ್ದು. ನಿಯಮದ ಪ್ರಕಾರ ಕಿಲೋಗೆ ಕಬ್ಬಿಣ 28ರಿಂದ 42.5 ಮಿಲಿಗ್ರಾಂ ಇರಬೇಕು. ತೊಳೆಯುವಾಗ ಒಂದೆರಡು ತೇಲಿದರೆ ಚೆಲ್ಲಬೇಡಿ, ಗಂಜಿಯನ್ನೂ ಬಸಿಯಬೇಡಿ. ಥಲಸ್ಸೇಮಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ತಿನ್ನಬಾರದು.

ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ, ರಂಜಕ ಕಡಿಮೆ ಮಾಡಿ ಎಂದು ವೈದ್ಯರು ಹೇಳಿರುವವರಿಗೆ ಇಲ್ಲಿಯವರೆಗಿನ ಮಾತೆಲ್ಲ ತಿರುಗುಮುರುಗು. ತೌಡಿನ ಅಕ್ಕಿಯಲ್ಲಿ ಇವೆರಡೂ ಹೆಚ್ಚು. ಅಂಥವರಿಗೆ ಬೇರೆ ಪಾತ್ರೆಯಲ್ಲಿ ಬಿಳಿ ಅಕ್ಕಿಯನ್ನೇ ಧಾರಾಳ ನೀರಿಟ್ಟು ಬೇಯಿಸಿ, ಗಂಜಿ ಬಸಿದು ಬಡಿಸಿ.