‘ಸೌಂಡ್ ಇದೆ, ಮಾತೇ ಗೊತ್ತಾಗಲ್ಲ’: ಶೋಕೇಸ್‌ನಲ್ಲಿ ಸೆಂಟರ್ ಸ್ಪೀಕರ್ ಕೂರಿಸಿದ ನನ್ನ ಅನುಭವ

‘ಸೌಂಡ್ ಜಾಸ್ತಿನೇ ಇದೆ ಕಣೋ, ಆದ್ರೆ ಮಾತೇ ಗೊತ್ತಾಗಲ್ಲ.’ ಅಮ್ಮ ಹೀಗೆ ಹೇಳಿದಾಗಲೆಲ್ಲ ನಾನು ವಾಲ್ಯೂಮ್ ಏರಿಸುತ್ತಿದ್ದೆ. ಮಾತು ಇನ್ನಷ್ಟು ಗುಂಯ್ ಅನ್ನುತ್ತಿತ್ತು. ಗಂಡಸರ ದನಿಯಂತೂ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ.

ನಮ್ಮದು ಮೈಸೂರಿನ ಹಳೇ ಮನೆ. ಹಾಲ್ 16 ಅಡಿ ಉದ್ದ, 12 ಅಡಿ ಅಗಲ. ಟಿವಿ ಗೋಡೆ ಮೇಲಿದೆ. ಅದರ ಕೆಳಗೆ, ಅಪ್ಪ ಬಡಗಿಯನ್ನು ಮನೆಗೇ ಕರೆಸಿ ಮಾಡಿಸಿದ ತೇಗದ ಶೋಕೇಸ್. ಅದನ್ನು ತೆಗೆಯುವ ಮಾತೇ ಇಲ್ಲ, ನನಗೂ ಮನಸ್ಸಿಲ್ಲ. 5.1 ಸೆಟ್ (ಐದು ಸ್ಪೀಕರ್, ಜೊತೆಗೆ ತಗ್ಗಿನ ದನಿಗೆ ಒಂದು ಸಬ್‌ವೂಫರ್) ತಂದಾಗ ಎಡ ಬಲದ ಸ್ಪೀಕರ್‌ಗಳು ಸ್ಟ್ಯಾಂಡ್ ಏರಿದವು, ಸಬ್‌ವೂಫರ್ ಮೂಲೆ ಸೇರಿತು. ಸಿನಿಮಾದ ಮಾತು ಬರುವ ಸೆಂಟರ್ ಸ್ಪೀಕರ್‌ಗೆ ಉಳಿದಿದ್ದು ಶೋಕೇಸ್‌ನ ನಡುವಿನ ಖಾನೆ. ನೋಡೋಕೆ ಚೆನ್ನಾಗಿರಲಿ ಅಂತ ಹಿಂದಿನ ಹಲಗೆಗೆ ತಾಗುವಷ್ಟು ಒಳಗೆ ತಳ್ಳಿದೆ. ಮುಂದೆ ಆರು ಇಂಚು ಜಾಗ ಉಳಿಯಿತು. ಅಮ್ಮ ಅಲ್ಲಿ ಎರಡು ಹಿತ್ತಾಳೆ ಆನೆ ಇಟ್ಟರು.

ಸೆಂಟರ್ ತೆಗೆದೇಬಿಡು, ರಿಸೀವರ್‌ನಲ್ಲಿ (ಎಲ್ಲ ಸ್ಪೀಕರ್‌ಗಳಿಗೂ ದನಿ ಹಂಚುವ ಪೆಟ್ಟಿಗೆ) ‘ಸೆಂಟರ್ ಇಲ್ಲ’ ಅಂತ ಆರಿಸು, ಎಡ ಬಲ ಸೇರಿ ನಡುವೆ ದನಿ ಮೂಡಿಸುತ್ತವೆ ಅಂತ ಗೆಳೆಯನೊಬ್ಬ ಹೇಳಿದ. ಮಾಡಿ ನೋಡಿದೆ. ಸೋಫಾದ ಸರಿಯಾಗಿ ನಡುವೆ ಕೂತರೆ ನಿಜಕ್ಕೂ ಚೆನ್ನಾಗಿತ್ತು. ಆದರೆ ಅಮ್ಮ ಕೂರುವುದು ಎಡಗಡೆಯ ದಿವಾನ್ ಮೇಲೆ. ಅಲ್ಲಿಗೆ ಮಾತೆಲ್ಲ ಎಡ ಸ್ಪೀಕರ್‌ನಿಂದಲೇ ಬರುತ್ತಿತ್ತು, ಮುಖ ಮಾತ್ರ ಟಿವಿಯಲ್ಲಿ. ಇದು ಹಳೇ ತೊಂದರೆ. 1933ರಲ್ಲಿ ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು ಫಿಲಡೆಲ್ಫಿಯಾದಲ್ಲಿ ನುಡಿಸಿದ ಆರ್ಕೆಸ್ಟ್ರಾವನ್ನು ತಂತಿಯಲ್ಲಿ ವಾಷಿಂಗ್ಟನ್‌ಗೆ ಕಳಿಸಿ ಕೇಳಿಸಿದಾಗಲೂ ಎರಡಲ್ಲ, ಮೂರು ಚಾನಲ್ ಬಳಸಿದ್ದರು. ಪಕ್ಕದಲ್ಲಿ ಕೂತವರಿಗೂ ನಡುವಿನ ದನಿ ನಡುವಿನಿಂದಲೇ ಬರಬೇಕಲ್ವಾ? ಸೆಂಟರ್ ವಾಪಸ್ ಬಂತು.

ದಾರಿ ತೋರಿಸಿದ್ದು ನವರಾತ್ರಿ. ಆ ವರ್ಷ ಅಮ್ಮ ಪಟ್ಟದ ಗೊಂಬೆಗಳನ್ನು ಶೋಕೇಸ್‌ನಲ್ಲೇ ಕೂರಿಸಿದರು. ಖಾನೆ ಖಾಲಿ ಮಾಡಬೇಕಾಯಿತು. ಸ್ಪೀಕರ್ ಅನ್ನು ಶೋಕೇಸ್ ಮುಂದೆ ಒಂದು ಗಿಡ್ಡ ಸ್ಟೂಲ್ ಮೇಲಿಟ್ಟು, ಮುಂಭಾಗಕ್ಕೆ ಮಡಚಿದ ಬಟ್ಟೆ ಕೊಟ್ಟು ಸ್ವಲ್ಪ ಮೇಲಕ್ಕೆ ಎತ್ತಿದೆ. ಅವತ್ತು ರಾತ್ರಿ ಸಿನಿಮಾ ಹಾಕಿದಾಗ ಎದ್ದು ಕೂತೆ. ಅದೇ ಸ್ಪೀಕರ್, ಅದೇ ರಿಸೀವರ್, ಮಾತು ಸ್ಫಟಿಕದ ಹಾಗೆ. ಒಂಬತ್ತು ದಿನ ಹೀಗೇ ಕೇಳಿದ ಮೇಲೆ ಗೊತ್ತಾಯಿತು, ಇಷ್ಟು ದಿನ ನಾವು ಕೇಳುತ್ತಿದ್ದದ್ದು ಸ್ಪೀಕರ್ ಜೊತೆ ಖಾನೆಯನ್ನೂ. ಸುತ್ತಲಿನ ಹಲಗೆ ದನಿಯ ತಗ್ಗಿನ ಭಾಗವನ್ನು ಉಬ್ಬಿಸುತ್ತಿತ್ತು, ಮುಂದೆ ಚಾಚಿದ್ದ ಆರು ಇಂಚು ಹಲಗೆ ಟ್ವೀಟರ್‌ನ (ಸ್ಪೀಕರ್‌ನೊಳಗೆ ಏರುದನಿ ಹೊರಡಿಸುವ ಪುಟ್ಟ ಘಟಕ) ದನಿಯನ್ನು ಬಡಿದು ಕಳಿಸುತ್ತಿತ್ತು.

ಹಬ್ಬ ಮುಗಿದ ಮೇಲೆ ಅದೇ ಖಾನೆಗೆ ಇಡುವುದೇ ಆಯಿತು, ಆದರೆ ಈ ಸಲ ಬೇರೆ ಥರ. ಸ್ಪೀಕರ್‌ನ ಮುಖ ಹಲಗೆಯ ಅಂಚಿಗಿಂತ ಅರ್ಧ ಇಂಚು ಹೊರಗೆ ಬರುವಷ್ಟು ಮುಂದಕ್ಕೆ ಎಳೆದೆ. ಇದೊಂದರಿಂದಲೇ ಮುಕ್ಕಾಲು ಭಾಗ ಸರಿಹೋಯಿತು. ಹಳೇ ದಿಂಬಿನ ಹತ್ತಿಯನ್ನು ಕಪ್ಪು ಬಟ್ಟೆಯಲ್ಲಿ ತುಂಬಿ ಹೊಲಿದು, ಎಡ ಬಲ ಮತ್ತು ಹಿಂದಿನ ಸಂದಿಗೆ ತುರುಕಿದೆ. (ರಿಸೀವರ್ ಇರುವ ಖಾನೆಗೆ ಮಾತ್ರ ಹೀಗೆ ಮಾಡಬೇಡಿ, ಅದಕ್ಕೆ ಗಾಳಿ ಬೇಕೇ ಬೇಕು.) ಸ್ಪೀಕರ್‌ಗೆ ಹಿಂದೆ ಪೋರ್ಟ್, ಅಂದರೆ ಗಾಳಿ ಆಡುವ ತೂತು ಇದೆ. ಜೊತೆಗೆ ಬಂದಿದ್ದ ಫೋಮ್ ಬಿರಡೆಯನ್ನು ಅದಕ್ಕೆ ಹಾಕಿ, ಕ್ರಾಸ್‌ಓವರ್ ಅನ್ನು (ಸ್ಪೀಕರ್ ಮತ್ತು ಸಬ್‌ವೂಫರ್ ದನಿ ಹಂಚಿಕೊಳ್ಳುವ ಗಡಿ) 60ರಿಂದ 80 ಹರ್ಟ್ಜ್‌ಗೆ ಏರಿಸಿದೆ. ಅದಕ್ಕಿಂತ ಕೆಳಗಿನದನ್ನು ಸಬ್‌ವೂಫರ್ ನೋಡಿಕೊಳ್ಳುತ್ತದೆ.

ಇನ್ನು ಓರೆ. ಟ್ವೀಟರ್ ನೆಲದಿಂದ 22 ಇಂಚು ಎತ್ತರದಲ್ಲಿದೆ, ಸೋಫಾದಲ್ಲಿ ಕೂತಾಗ ನನ್ನ ಕಿವಿ 38 ಇಂಚು. ನಡುವೆ 9 ಅಡಿ. ಅಂದರೆ ಸ್ಪೀಕರ್ ನಮ್ಮ ಮೊಣಕಾಲಿಗೆ ಮಾತಾಡುತ್ತಿತ್ತು. ಬಾಗಿಲಿಗೆ ಕೊಡುವ ರಬ್ಬರ್ ಆಪುಗಳನ್ನು ಎರಡು ತಂದು ಮುಂದಿನ ಅಂಚಿನ ಕೆಳಗೆ ಇಟ್ಟೆ. ಎಷ್ಟು ಎತ್ತಬೇಕು ಅನ್ನೋದಕ್ಕೆ ಅಮ್ಮನ ಕುಂಕುಮದ ಪೆಟ್ಟಿಗೆಯ ಪುಟ್ಟ ಕನ್ನಡಿ ಸಾಕಾಯಿತು. ಜಾಲರಿ ತೆಗೆದು, ಟ್ವೀಟರ್ ಪಕ್ಕದ ಚಪ್ಪಟೆ ಜಾಗಕ್ಕೆ ಹೆಂಡತಿ ಕನ್ನಡಿ ಒತ್ತಿ ಹಿಡಿದಳು. ಮೊದಲು ನನ್ನ ಚಪ್ಪಲಿ ಕಾಣಿಸಿತು. ಆಪು ಒಂದೊಂದೇ ಕೂದಲೆಳೆ ಒಳಗೆ ತಳ್ಳುತ್ತಾ ಹೋದಂತೆ ಮೊಣಕಾಲು, ಎದೆ, ಕೊನೆಗೆ ನನ್ನ ಕಣ್ಣು. ಅಲ್ಲಿಗೆ ನಿಲ್ಲಿಸಿದೆವು. ಅಳೆದರೆ ಒಂದೂಮುಕ್ಕಾಲು ಇಂಚು ಎದ್ದಿತ್ತು.

ಅದೇ ಕನ್ನಡಿ ಟೀಪಾಯಿಯ ಗುಟ್ಟನ್ನೂ ಬಿಟ್ಟುಕೊಟ್ಟಿತು. ಓಡಾಡೋಕೆ ಜಾಗ ಇರಲಿ ಅಂತ ಗಾಜಿನ ಟೀಪಾಯಿಯನ್ನು ಶೋಕೇಸ್ ಹತ್ತಿರ ತಳ್ಳಿದ್ದೆವು. ಕನ್ನಡಿಯನ್ನು ಗಾಜಿನ ಮೇಲೆ ಮಲಗಿಸಿ ಸೋಫಾದಿಂದ ನೋಡಿದರೆ ಅದರಲ್ಲಿ ಟ್ವೀಟರ್ ಕಾಣುತ್ತಿತ್ತು. ಬೆಳಕು ಬರುವ ದಾರಿಯಲ್ಲೇ ದನಿಯೂ ಬರುತ್ತದೆ. ಗಾಜಿಗೆ ಬಡಿದು ಬರುವ ದನಿ ನೇರ ದನಿಗಿಂತ ಬರೀ ಎರಡು ಇಂಚು ಜಾಸ್ತಿ ನಡೆಯುತ್ತದೆ. ಅಷ್ಟು ಸಾಕು, 3500 ಹರ್ಟ್ಜ್ ಆಸುಪಾಸಿನಲ್ಲಿ ಎರಡೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಮಾತಿನ ಅಕ್ಷರಗಳು ಸ್ಪಷ್ಟವಾಗುವ ಜಾಗವೇ ಅದು. ಟೀಪಾಯಿಯನ್ನು ಸೋಫಾ ಕಡೆಗೆ ಎಳೆದೆ, ಕನ್ನಡಿಯಿಂದ ಟ್ವೀಟರ್ ಮಾಯ. ನೆಲದ ಮೇಲೂ ಹೀಗೇ ಹುಡುಕಿದಾಗ ಶೋಕೇಸ್‌ನಿಂದ ಮೂರಡಿ ದೂರದಲ್ಲಿ ಕಾಣಿಸಿತು. ಅಲ್ಲಿ ದಪ್ಪ ಜಮಖಾನ ಹಾಸಿದೆವು.

ಎಲ್ಲ ಮುಗಿದ ಮೇಲೆ ರಿಸೀವರ್‌ನ ಮೈಕ್ ಹಾಕಿ ಪ್ರತಿ ಸ್ಪೀಕರ್‌ನ ದೂರ, ಜೋರನ್ನು ಮತ್ತೆ ಅಳತೆ ಮಾಡಿಸಿದೆ. ಸ್ಪೀಕರ್ ಆರೂವರೆ ಇಂಚು ಮುಂದೆ ಬಂದಿದೆ ಅಂದಮೇಲೆ ಹಳೇ ಲೆಕ್ಕ ನಡೆಯಲ್ಲ. ಇದನ್ನು ಬಹಳ ಜನ ಮರೆಯುತ್ತಾರೆ.

ದಿವಾನ್ ಕಡೆಯ ತೊಂದರೆ ಮಾತ್ರ ಪೂರ್ತಿ ಹೋಗಲಿಲ್ಲ. ನಮ್ಮ ಸೆಂಟರ್‌ನಲ್ಲಿ ಟ್ವೀಟರ್‌ನ ಆಚೆ ಈಚೆ ತಗ್ಗಿನ ದನಿ ಹೊರಡಿಸುವ ಒಂದೊಂದು ವೂಫರ್ ಇದೆ, ಎರಡರ ನಡುವೆ ಹತ್ತು ಇಂಚು. ಪಕ್ಕದಿಂದ ಕೇಳಿದರೆ ಒಂದು ಹತ್ತಿರ, ಇನ್ನೊಂದು ದೂರ. ಹಾಗಾಗಿ 1200 ಹರ್ಟ್ಜ್ ಹತ್ತಿರ ದನಿ ಸೊರಗುತ್ತದೆ. ಇದು ಸ್ಪೀಕರ್‌ನ ರಚನೆಯಲ್ಲೇ ಇರುವುದು, ಎಲ್ಲಿಟ್ಟರೂ ಹೋಗಲ್ಲ. ಈಗ ಕೊಳ್ಳುವುದಾದರೆ ಟ್ವೀಟರ್ ಕೆಳಗೇ ಪುಟ್ಟ ಮಿಡ್‌ರೇಂಜ್ (ನಡುದನಿಯ ಘಟಕ) ಇರುವ ಮೂರು ದಾರಿಯ ಸ್ಪೀಕರ್ ತೆಗೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಎಡ ಬಲದ್ದೇ ಮಾಡೆಲ್‌ನ ಇನ್ನೊಂದನ್ನು.

ಸದ್ಯಕ್ಕೆ ಜಾಗ ಬದಲಾಯಿಸಿಕೊಂಡಿದ್ದೇವೆ. ಸೋಫಾದ ನಡುವೆ ಅಮ್ಮ, ದಿವಾನ್ ಮೇಲೆ ನಾನು. ಅಮ್ಮ ಈಗ ವಾಲ್ಯೂಮ್ ಕಡಿಮೆ ಮಾಡು ಅನ್ನುತ್ತಾರೆ. ಆನೆಗಳು ಮೇಲಿನ ಖಾನೆಯಲ್ಲಿವೆ.